ಮನೆಯಲ್ಲೇ ಸೈಕಲ್ ಫಿಟ್ ಮಾಡುವುದು ಹೇಗೆ?

ಸೈಕಲ್ ಓಡಿಸೋಕೆ ನಮಗೆಲ್ಲರಿಗೂ ಬರುತ್ತೆ. ಆದರೆ ಬರೀ ಫ್ರೇಮ್ ಒಂದನ್ನು ಮುಂದಿಟ್ಟು "ಇದನ್ನು ಸೈಕಲ್ ಮಾಡು" ಅಂದರೆ ಎಷ್ಟು ಜನಕ್ಕೆ ಬರುತ್ತೆ? ಈ ದಸರಾ ರಜೆಯಲ್ಲಿ ನಾನೂ ನಮ್ಮ ತಾತನೂ ಹಾಗೆ ಒಂದು ಸೈಕಲ್ ಫಿಟ್ ಮಾಡಿದೆವು. ಅದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಓದಿದವರು ತಮ್ಮ ಮನೆಯಲ್ಲೂ ಮಾಡಬಹುದು.

ಯಾಕೆ ಮಾಡಿದೆವು ಅಂದರೆ, ನಮ್ಮೂರಿನಿಂದ ಹೈಸ್ಕೂಲಿಗೆ ಏಳು ಕಿಲೋಮೀಟರ್. ನಮ್ಮ ಅಕ್ಕ ಒಂಬತ್ತನೇ ತರಗತಿ. ಬೆಳಿಗ್ಗೆ ಬಸ್ ಬಾರದ ದಿನ ಅವಳಿಗೆ ಮೊದಲ ಎರಡು ಪೀರಿಯಡ್ ತಪ್ಪಿಹೋಗುತ್ತೆ. ಅದರಲ್ಲಿ ಒಂದು ಗಣಿತ. ಎಂಟನೇ ತರಗತಿಯವರಿಗೆ ಸೈಕಲ್ ಕೊಡುವ ಸರ್ಕಾರದ ಯೋಜನೆ 2006-07ರಲ್ಲಿ ಶುರುವಾಗಿತ್ತು. 2020ರಲ್ಲಿ ಕೊರೊನಾ ಬಂದಾಗ ಅದು ನಿಂತಿತು, ಅಕ್ಕನಿಗೆ ಸೈಕಲ್ ಸಿಗಲಿಲ್ಲ. ಬರುವ ಜೂನ್‌ಗೆ ನಮ್ಮ ತರಗತಿಯವರೆಲ್ಲ ಅದೇ ದಾರಿಯಲ್ಲಿ ಹೋಗಬೇಕು. ಹೊಸ ಸೈಕಲ್ ತರೋಕೆ ಈ ವರ್ಷ ಆಗಲ್ಲ ಅಂತ ಅಪ್ಪ ಹೇಳಿದ್ದರು.

ನಮ್ಮ ತಾತ 1990ರ ಸುಮಾರಿನಲ್ಲಿ ಬಾಡಿಗೆ ಸೈಕಲ್ ಅಂಗಡಿ ಇಟ್ಟಿದ್ದರು. ಗಂಟೆಗೆ ಇಷ್ಟು ಅಂತ ಬಾಡಿಗೆ. ಅಂಗಡಿ ಮುಚ್ಚಿದ ಮೇಲೆ ಉಳಿದ ಒಂದು ಫ್ರೇಮು ಕೊಟ್ಟಿಗೆಯ ಅಟ್ಟದ ಮೇಲಿತ್ತು. ಜೊತೆಗೆ ಒಂದು ಗೋಣಿಚೀಲದಲ್ಲಿ ಬಿಡಿ ಸಾಮಾನುಗಳು. ತಾತನ ಕಣ್ಣಿಗೆ ಪೊರೆ ಬಂದಿದೆ, ಸಣ್ಣದು ಕಾಣಲ್ಲ. ಅದಕ್ಕೇ ಅವರು ಜಗಲಿ ಮೇಲೆ ಕೂತು ಹೇಳೋದು, ನಾನು ಮಾಡೋದು.

ಮೊದಲು ಫ್ರೇಮ್ ನೋಡಬೇಕು. ತುಕ್ಕನ್ನು ಉಪ್ಪು ಕಾಗದದಿಂದ ಉಜ್ಜಿ, ಪೈಪುಗಳು ಕೂಡುವ ಜಾಗದಲ್ಲಿ ಬಿರುಕು ಇದೆಯಾ ಅಂತ ನೋಡಬೇಕು. ಬಿರುಕಿದ್ದರೆ ಅದನ್ನು ಗುಜರಿಗೆ ಹಾಕೋದೇ ವಾಸಿ. ಆಮೇಲೆ ಫ್ರೇಮ್ ನೆಟ್ಟಗಿದೆಯಾ ಅಂತ ನೋಡೋಕೆ ಒಂದು ದಾರ ಸಾಕು. ಹಿಂದಿನ ಚಕ್ರ ಕೂರುವ ತುದಿಗೆ ದಾರ ಕಟ್ಟಿ, ಮುಂದಕ್ಕೆ ಎಳೆದು, ಹ್ಯಾಂಡಲ್ ಕೂರುವ ಪೈಪನ್ನು ಸುತ್ತಿಸಿ, ವಾಪಸ್ ಇನ್ನೊಂದು ಕಡೆಯ ತುದಿಗೆ ಬಿಗಿಯಾಗಿ ಕಟ್ಟಬೇಕು. ಈಗ ಸೀಟಿನ ಪೈಪಿಗೂ ದಾರಕ್ಕೂ ಎಷ್ಟು ಅಂತರ ಅಂತ ಎರಡೂ ಕಡೆ ಅಳೆಯಬೇಕು. ಎರಡೂ ಒಂದೇ ಇದ್ದರೆ ಫ್ರೇಮ್ ನೆಟ್ಟಗಿದೆ. ನಮ್ಮದು ಸರಿಯಾಗಿತ್ತು. ನನ್ನ ಜಾಮಿಟ್ರಿ ಬಾಕ್ಸಿನ ಸ್ಕೇಲಿನಲ್ಲೇ ಅಳೆದೆ.

ಮುಂದಿನ ಫೋರ್ಕು, ಹ್ಯಾಂಡಲ್ ಕೂರಿಸೋದು ಸುಲಭ. ಬಟ್ಟಲಿಗೆ ಗ್ರೀಸ್ ಬಳಿದು ಬೇರಿಂಗ್ ಗುಂಡುಗಳನ್ನು ಅಂಟಿಸಿದರೆ ಬೀಳದೆ ನಿಲ್ಲುತ್ತವೆ. ಪೆಡಲ್ ತಿರುಗುವ ಆಕ್ಸಲ್ಲಿಗೂ ಹೀಗೇ. ಅಲ್ಲಿ ಕಾಲಿಂಚಿನ ಗುಂಡು, ಒಂದೊಂದು ಕಡೆ ಹನ್ನೊಂದು.

ಇಲ್ಲೇ ತಾತ ಮುಖ್ಯವಾದ ಮಾತು ಹೇಳಿದ್ದು. "ಸೈಕಲ್ಲಿನಲ್ಲಿ ಎಲ್ಲಾನೂ ಬಿಗಿ ಮಾಡಬೇಕು ಅಂತ ತಿಳ್ಕೋಬೇಡ ಪುಟ್ಟಿ. ಕೆಲವನ್ನ ಪೂರ್ತಿ ಬಿಗಿ ಮಾಡಬೇಕು, ಕೆಲವನ್ನ ಬಿಗಿ ಮಾಡಿದರೆ ಹಾಳಾಗುತ್ತೆ. ಯಾವುದು ಯಾವುದು ಅಂತ ಗೊತ್ತಿರೋನೇ ಫಿಟ್ಟರ್." ಗುಂಡು ಇರುವ ಜಾಗವನ್ನೆಲ್ಲ ಬಿಗಿ ಮಾಡಬಾರದು. ಬಿಗಿಯಾದರೆ ಗುಂಡು ಉರುಳದೆ ಉಜ್ಜುತ್ತೆ, ಕೋನಿನಲ್ಲಿ ಗುಳಿ ಬೀಳುತ್ತೆ. ಸಡಿಲವಾದರೂ ಕಷ್ಟ, ಲಟಲಟ ಅಂತ ಅಲ್ಲಾಡಿ ಗುಂಡು ಒಡೆಯುತ್ತೆ. ಎರಡು ಬೆರಳಿನಿಂದ ಆಕ್ಸಲ್ ತಿರುಗಿಸಿದರೆ ನುಣ್ಣಗೆ ತಿರುಗಬೇಕು, ಆದರೆ ಹಿಡಿದು ಅಲ್ಲಾಡಿಸಿದರೆ ಅಲ್ಲಾಡಬಾರದು. ಆ ಜಾಗ ಸಿಕ್ಕಿದ ಕೂಡಲೆ ಲಾಕ್ ನಟ್ಟನ್ನು ಮಾತ್ರ ಗಟ್ಟಿ ಬಿಗಿ ಮಾಡಬೇಕು. ಲಾಕ್ ನಟ್ ಬಿಗಿ ಮಾಡುವಾಗ ಒಳಗಿನದೂ ಸ್ವಲ್ಪ ತಿರುಗಿಬಿಡುತ್ತೆ, ಅದಕ್ಕೆ ಎರಡು ಪಾನಾ ಬೇಕು. ಅಕ್ಕ ಒಂದು ಹಿಡಿದಳು, ನಾನೊಂದು.

ಪೆಡಲಿನ ಕ್ರಾಂಕ್ ನಿಲ್ಲೋದು ಕಾಟರ್ ಪಿನ್ನಿನ ಮೇಲೆ. ಎರಡು ಕಡೆಯ ಪಿನ್ನನ್ನೂ ಎದುರು ಬದರು ದಿಕ್ಕಿನಿಂದ ಹೊಡೆಯಬೇಕು, ಆಗ ಕ್ರಾಂಕುಗಳು ಒಂದೇ ನೇರದಲ್ಲಿ ನಿಲ್ಲುತ್ತವೆ. ಸುತ್ತಿಗೆಯಲ್ಲಿ ಹೊಡೆಯುವಾಗ ಕ್ರಾಂಕಿನ ಕೆಳಗೆ ಪೈಪಿನ ತುಂಡು ಆನಿಸಿ ಇಡಿ, ಇಲ್ಲದಿದ್ದರೆ ಏಟೆಲ್ಲ ಗುಂಡಿಗೆ ಬೀಳುತ್ತೆ. ಎಡಗಡೆ ಪೆಡಲಿನ ಥ್ರೆಡ್ ಉಲ್ಟಾ ಇರುತ್ತೆ. ತುಳಿಯುತ್ತಾ ತುಳಿಯುತ್ತಾ ತಾನಾಗಿ ಬಿಚ್ಚಿಕೊಳ್ಳಬಾರದು ಅಂತ ಹಾಗೆ ಮಾಡಿದ್ದಾರೆ. ನೆನಪಿಟ್ಟುಕೊಳ್ಳೋಕೆ ಒಂದು ಉಪಾಯ: ಪಾನಾ ಹಿಡಿಯನ್ನು ಮೇಲಕ್ಕೆ ಇಟ್ಟುಕೊಂಡು ಮುಂದಿನ ಚಕ್ರದ ಕಡೆಗೆ ಎಳೆದರೆ ಎರಡು ಪೆಡಲ್ಲೂ ಬಿಗಿಯಾಗುತ್ತವೆ, ಹಿಂದಕ್ಕೆ ಎಳೆದರೆ ಬಿಚ್ಚುತ್ತವೆ.

ಈಗ ಚಕ್ರ. ಇದು ಎಲ್ಲಕ್ಕಿಂತ ಕಷ್ಟ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದೂ ಇದೇ. ನಮ್ಮ ಸೈಕಲ್ಲಿನ ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಹಿಂದಿನ ಚಕ್ರದ ಮೇಲೆ ಭಾರ ಜಾಸ್ತಿ, ಕ್ಯಾರಿಯರ್‌ನಲ್ಲಿ ರಾಗಿ ಮೂಟೆ ಹೊರೋದೂ ಅದೇ ತಾನೆ. ಒಂದು ಕಡ್ಡಿಯನ್ನು ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ, ಪೊರಕೆ ಕಡ್ಡಿ ಹಾಗೆ ಬಗ್ಗುತ್ತೆ. ಇಂಥ ಕಡ್ಡಿ ಮೇಲೆ ಇಬ್ಬರು ಕೂತರೂ ಚಕ್ರ ಯಾಕೆ ಕುಸಿಯೋದಿಲ್ಲ?

ಎತ್ತಿನಗಾಡಿ ಚಕ್ರ ನೋಡಿ. ಅದರ ಮರದ ಅರಗಳು ದಪ್ಪ. ಗಾಡಿಯ ಭಾರ ಕೆಳಗಿನ ಅರದ ಮೇಲೆ ಕಂಬದ ಮೇಲೆ ಕೂತ ಹಾಗೆ ಕೂರುತ್ತೆ. ಸೈಕಲ್ ಕಡ್ಡಿ ಕಂಬದ ಕೆಲಸ ಮಾಡೋದಿಲ್ಲ, ಹಗ್ಗದ ಕೆಲಸ ಮಾಡುತ್ತೆ. ನಲವತ್ತು ಕಡ್ಡಿಗಳೂ ಮೊದಲೇ ರಿಮ್ಮನ್ನು ನಡುವಿನ ಹಬ್ಬಿನ ಕಡೆಗೆ ಬಲವಾಗಿ ಎಳೆದು ಹಿಡಿದಿರುತ್ತವೆ. ನಾವು ಕೂತಾಗ ಕೆಳಗಿನ ಕೆಲವು ಕಡ್ಡಿಗಳ ಎಳೆತ ಸ್ವಲ್ಪ ಕಡಿಮೆಯಾಗುತ್ತೆ, ಅಷ್ಟೆ. ಎಳೆತ ಪೂರ್ತಿ ಹೋಗದೆ ಇರೋವರೆಗೂ ಚಕ್ರ ಗಟ್ಟಿ. ಅದಕ್ಕೇ ಕಡ್ಡಿ ಸಡಿಲ ಬಿಟ್ಟ ಚಕ್ರ ಬೇಗ ಬೆಂಡ್ ಆಗುತ್ತೆ. ಕಬ್ಬಿಣ ಕೆಟ್ಟದು ಅಂತ ಅಲ್ಲ, ಎಳೆತ ಇಲ್ಲ ಅಂತ.

ಇನ್ನೊಂದು ವಿಷಯ. ಕಡ್ಡಿಗಳು ಹಬ್ಬಿನಿಂದ ನೆಟ್ಟಗೆ ರಿಮ್ಮಿಗೆ ಹೋಗಿರೋದಿಲ್ಲ, ಓರೆಯಾಗಿ ಒಂದನ್ನೊಂದು ದಾಟಿಕೊಂಡು ಹೋಗಿರುತ್ತವೆ. ಚೈನು ತಿರುಗಿಸೋದು ಹಬ್ಬನ್ನು, ತಿರುಗಬೇಕಾದ್ದು ರಿಮ್ಮು. ನೆಟ್ಟಗಿರುವ ಕಡ್ಡಿ ತಿರುಚಿಕೊಳ್ಳುತ್ತೆ, ಓರೆ ಕಡ್ಡಿ ಎಳೆಯುತ್ತೆ. ಇದನ್ನು 1874ರಲ್ಲಿ ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ ಎಂಬುವರು ಪೇಟೆಂಟ್ ಮಾಡಿಸಿದರು. ಅವರ ಸಹೋದರನ ಮಗ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ರೋವರ್ ಎಂಬ ಸೈಕಲ್ ಮಾಡಿದರು. ಎರಡು ಚಕ್ರವೂ ಹೆಚ್ಚು ಕಡಿಮೆ ಒಂದೇ ಅಳತೆ, ಹಿಂದಿನ ಚಕ್ರಕ್ಕೆ ಚೈನು. ನಮ್ಮೂರಿನ ಸೈಕಲ್‌ಗಳೆಲ್ಲ ಅದರ ಮೊಮ್ಮಕ್ಕಳೇ.

ಬೆಂಡ್ ತೆಗೆಯುವ ವಿಧಾನ ಹೇಳುತ್ತೇನೆ. ಸೈಕಲ್ಲನ್ನು ಗೋಣಿಚೀಲದ ಮೇಲೆ ತಲೆಕೆಳಗೆ ನಿಲ್ಲಿಸಿ. ಚಕ್ರ ತಿರುಗಿಸುತ್ತಾ ರಿಮ್ಮಿನ ಪಕ್ಕಕ್ಕೆ ಚಾಕ್‌ಪೀಸ್ ಹಿಡಿಯಿರಿ. (ಮೇಷ್ಟ್ರು ಕೊಟ್ಟ ತುಂಡು, ಕೇಳಿಯೇ ತಂದದ್ದು!) ರಿಮ್ಮು ಎಲ್ಲಿ ಹೊರಕ್ಕೆ ಬಂದಿದೆಯೋ ಅಲ್ಲಿ ಬಿಳಿ ಗೆರೆ ಬೀಳುತ್ತೆ. ಗೆರೆ ಬಲಗಡೆ ಬಿದ್ದಿದ್ದರೆ, ಆ ಜಾಗದಲ್ಲಿ ಹಬ್ಬಿನ ಎಡಗಡೆಯಿಂದ ಬಂದ ಕಡ್ಡಿಗಳನ್ನು ಬಿಗಿ ಮಾಡಿ, ಬಲಗಡೆಯವನ್ನು ಅಷ್ಟೇ ಸಡಿಲ ಮಾಡಬೇಕು. ಒಂದು ಸಲಕ್ಕೆ ನಿಪ್ಪಲ್ಲನ್ನು ಕಾಲು ಸುತ್ತು ಮಾತ್ರ. ಅವಸರ ಮಾಡಿ ಪೂರ್ತಿ ಸುತ್ತು ತಿರುಗಿಸಿದರೆ ಬೆಂಡು ಆ ಕಡೆಯಿಂದ ಈ ಕಡೆಗೆ ಬರುತ್ತೆ. ಗೆರೆ ಒರೆಸಿ, ಮತ್ತೆ ತಿರುಗಿಸಿ, ಮತ್ತೆ ನೋಡಬೇಕು. ಹಿಂದಿನ ಚಕ್ರಕ್ಕೆ ನನಗೆ ಎರಡು ದಿನ ಹಿಡಿಯಿತು.

ತಾತನಿಗೆ ಚಾಕ್‌ಪೀಸ್ ಗೆರೆ ಕಾಣಲ್ಲ. ಆದರೆ ಅವರು ಕಡ್ಡಿಯನ್ನು ಬೆರಳಲ್ಲಿ ಮೀಟಿ ಕಿವಿಯಿಂದ ಕೇಳುತ್ತಾರೆ. ಬಿಗಿ ಇದ್ದರೆ ಟಿಣ್ ಅನ್ನುತ್ತೆ, ಸಡಿಲ ಇದ್ದರೆ ಟೊಳ್ ಅನ್ನುತ್ತೆ. ಭಜನೆ ಮನೆಯ ತಂಬೂರಿ ತಂತಿಯ ಹಾಗೇ. ಎಳೆತ ಜಾಸ್ತಿಯಾದರೆ ಸ್ವರ ಮೇಲಕ್ಕೆ ಹೋಗುತ್ತೆ. ಅವರು ಚಕ್ರವನ್ನು ಮಡಿಲಲ್ಲಿ ಇಟ್ಟುಕೊಂಡು ಒಂದೊಂದೇ ಕಡ್ಡಿ ಮೀಟುತ್ತಾ "ಇದು, ಇನ್ನು ಇದು" ಅಂತ ಬೆರಳಿಟ್ಟು ತೋರಿಸಿದರು. ನಾನು ಅವನ್ನೇ ಕಾಲು ಸುತ್ತು ತಿರುಗಿಸಿ, ಚಕ್ರವನ್ನು ಮತ್ತೆ ಫೋರ್ಕಿಗೆ ಹಾಕಿ ಚಾಕ್‌ಪೀಸ್ ಹಿಡಿದೆ. ಗೆರೆ ಬೀಳಲಿಲ್ಲ. ಕಣ್ಣು ಕಾಣದಿದ್ದರೂ ಚಕ್ರ ಕಟ್ಟಬಹುದು ಅಂತ ನನಗೆ ಅವತ್ತೇ ಗೊತ್ತಾದದ್ದು.

ಟೈರು ಟ್ಯೂಬು ಹಾಕೋದು ನಿಮಗೆಲ್ಲ ಗೊತ್ತು. ಕಡ್ಡಿ ತುದಿ ಟ್ಯೂಬಿಗೆ ಚುಚ್ಚದ ಹಾಗೆ ರಿಮ್ಮಿನ ಒಳಗೆ ಪಟ್ಟಿ ಸುತ್ತೋದನ್ನು ಮರೆಯಬೇಡಿ. ಗಾಳಿ ತುಂಬುವ ಟೈರನ್ನು 1887-88ರಲ್ಲಿ ಬೆಲ್‌ಫಾಸ್ಟಿನ ದನದ ಡಾಕ್ಟರ್ ಡನ್‌ಲಪ್ ತಮ್ಮ ಮಗನ ಮೂರು ಚಕ್ರದ ಸೈಕಲ್ಲಿಗೆ ಮಾಡಿದರು.

ಚೈನು ನಾವು ಹೊಸದೇ ತಂದೆವು, ಪೊಟ್ಟಣದ ಮೇಲೆ ಲೂಧಿಯಾನ ಅಂತ ಬರೆದಿತ್ತು. ಚೈನು ಕೂಡಿಸುವ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಹೋಗುವ ದಿಕ್ಕಿಗೆ ಇರಬೇಕು, ಬಾಯಿ ಹಿಂದಕ್ಕೆ. ಉಲ್ಟಾ ಹಾಕಿದರೆ ಏನಾದರೂ ತಗುಲಿ ಕಿತ್ತುಬರಬಹುದು. ಚೈನನ್ನೂ ಪೂರ್ತಿ ಬಿಗಿ ಮಾಡಬಾರದು, ನಡುವೆ ಒತ್ತಿದರೆ ಅರ್ಧ ಇಂಚು ಆಡಬೇಕು. (ವಿಮಾನ ಹಾರಿಸಿದ ರೈಟ್ ಸಹೋದರರದ್ದೂ ಸೈಕಲ್ ಅಂಗಡಿ. 1903ರ ಅವರ ವಿಮಾನದಲ್ಲಿ ಫ್ಯಾನ್ ತಿರುಗಿಸಿದ್ದು ಚೈನೇ.)

ಲೆಕ್ಕ ಇಷ್ಟ ಇರುವವರಿಗೆ ಇಲ್ಲೊಂದು ಲೆಕ್ಕ. ಮುಂದಿನ ಹಲ್ಲುಚಕ್ರದಲ್ಲಿ 44 ಹಲ್ಲು, ಹಿಂದಿನ ಫ್ರೀವೀಲಿನಲ್ಲಿ 18. ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರ 44ನ್ನು 18ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 2.44 ಸುತ್ತು ತಿರುಗುತ್ತೆ. ಟೈರಿನ ಸುತ್ತಳತೆ ಸುಮಾರು 2.2 ಮೀಟರ್. ಗುಣಿಸಿದರೆ ಒಂದು ತುಳಿತಕ್ಕೆ 5.4 ಮೀಟರ್. ಹೈಸ್ಕೂಲಿಗೆ ಸುಮಾರು 1300 ತುಳಿತ. ಇಳಿಜಾರು ಇರೋದರಿಂದ ಹೋಗುವಾಗ ಕಡಿಮೆ. ಬರುವಾಗ ಏರಿನಲ್ಲಿ ಇಳಿದು ತಳ್ಳಬೇಕು, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಸೀಟಿನ ಎತ್ತರ ಹೀಗೆ ಇಡಿ: ಸೀಟಿನ ಮೇಲೆ ಕೂತು ಹಿಮ್ಮಡಿ ಕೆಳಗಿನ ಪೆಡಲಿನ ಮೇಲಿಟ್ಟಾಗ ಕಾಲು ಹೆಚ್ಚುಕಡಿಮೆ ನೆಟ್ಟಗಾಗಬೇಕು. ನಮ್ಮದು ಗಂಡಸರ ಸೈಕಲ್, ಅಡ್ಡ ಕಂಬಿ ಇದೆ. "ಯೂನಿಫಾರ್ಮ್ ಚೂಡಿದಾರ್ ತಾನೆ, ನಡೆಯುತ್ತೆ" ಅಂದಳು ಅಕ್ಕ.

ಆದರೆ ಕೂತೇ ತುಳಿಯಬೇಕು ಅಂತ ಎಲ್ಲೂ ಇಲ್ಲ! ವಿಜ್ಞಾನ ಮೇಷ್ಟ್ರು ಒಂದು ಚಿತ್ರ ತೋರಿಸಿದರು. ಆರಾಮ ಕುರ್ಚಿಯಲ್ಲಿ ಒರಗಿದ ಹಾಗೆ ಒರಗಿ, ಕಾಲು ಮುಂದೆ ಚಾಚಿ ತುಳಿಯುವ ಸೈಕಲ್. ಫ್ರಾನ್ಸಿನ ಚಾರ್ಲ್ಸ್ ಮೊಶೆ ಎಂಬುವರು ಮಾಡಿದ ಅಂಥ ಸೈಕಲ್ಲಿನಲ್ಲಿ ಫ್ರಾನ್ಸಿಸ್ ಫೋರ್ 1933ರ ಜುಲೈ 7ರಂದು ಪ್ಯಾರಿಸ್ಸಿನಲ್ಲಿ ಒಂದು ಗಂಟೆಗೆ 45.055 ಕಿಲೋಮೀಟರ್ ಓಡಿಸಿ ದಾಖಲೆ ಮಾಡಿದರು. ಒರಗಿದರೆ ಎದುರು ಗಾಳಿ ಮೈಗೆ ಕಡಿಮೆ ತಾಗುತ್ತೆ, ಅದೇ ಗುಟ್ಟು. 1934ರಲ್ಲಿ ಸೈಕಲ್ ಸ್ಪರ್ಧೆಗಳ ಅಂತರರಾಷ್ಟ್ರೀಯ ಸಂಘ ಇಂಥವನ್ನು ಸ್ಪರ್ಧೆಯಿಂದ ಹೊರಗಿಟ್ಟಿತು. ನನಗೆ ಇದು ನ್ಯಾಯ ಅನ್ನಿಸಲಿಲ್ಲ. ಯುರೋಪ್, ಅಮೆರಿಕದಲ್ಲಿ ಈಗಲೂ ಕೆಲವರು ಇದರ ಫ್ರೇಮ್ ಮಾತ್ರ ಕೊಂಡು, ಮಿಕ್ಕಿದ್ದನ್ನು ಮನೆಯಲ್ಲೇ ಫಿಟ್ ಮಾಡಿಕೊಂಡು ದೂರದ ಊರುಗಳಿಗೆ ಹೋಗುತ್ತಾರೆ. ಪೆಡಲ್ ಮುಂದಿರೋದರಿಂದ ಎರಡು ಮೂರು ಚೈನು ಸೇರಿಸಿದಷ್ಟು ಉದ್ದದ ಚೈನು ಬೇಕಂತೆ. ಹಬ್ಬು, ಕಡ್ಡಿ, ಗುಂಡು, ಗ್ರೀಸು ಎಲ್ಲ ನಮ್ಮ ಸೈಕಲ್ಲಿನ ಥರಾನೇ. ಬದಲಾಗಿರೋದು ಮುಖ್ಯವಾಗಿ ಫ್ರೇಮು. ತಾತನಿಗೆ ಹೇಳಿದರೆ, "ಮಲಗಿಕೊಂಡು ಹೋದರೆ ಎಮ್ಮೆ ಅಡ್ಡ ಬಂದಾಗ ಹೆಂಗೆ ಕಾಣ್ತದೆ?" ಅಂದರು.

ಕೊನೆಗೆ ಬ್ರೇಕು. ನಮ್ಮಮ್ಮ ಮೊದಲೇ ಹೇಳಿದ್ದರು, ಬ್ರೇಕು ಸರಿಯಾಗಿ ಹಿಡಿಯೋದನ್ನು ತಾನು ಕಣ್ಣಾರೆ ನೋಡದೆ ಅಕ್ಕನನ್ನು ಕೆರೆ ಏರಿಯ ಇಳಿಜಾರಿಗೆ ಬಿಡಲ್ಲ ಅಂತ. ಆ ಇಳಿಜಾರು ನಿಮಗೆ ಗೊತ್ತೇ ಇದೆ, ಕೆಳಗೆ ತಿರುವು, ತಿರುವಿನಲ್ಲಿ ಕಾಲುವೆ. ನಮ್ಮದು ರಾಡು ಬ್ರೇಕು. ಹ್ಯಾಂಡಲ್ ಒತ್ತಿದರೆ ರಾಡು ಮೇಲಕ್ಕೆ ಎಳೆದು ರಬ್ಬರನ್ನು ರಿಮ್ಮಿನ ಒಳಮೈಗೆ ಒತ್ತುತ್ತೆ. ಹಳೇ ರಬ್ಬರು ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ನಾಲ್ಕೂ ಹೊಸದು ಹಾಕಿದೆವು. ರಬ್ಬರಿಗೂ ರಿಮ್ಮಿಗೂ ಮೂರು ಮಿಲಿಮೀಟರ್ ಅಂತರ ಸಾಕು. ರಿಮ್ಮು ಬೆಂಡ್ ಇದ್ದರೆ ಈ ಅಂತರ ಇಡೋಕೇ ಆಗೋದಿಲ್ಲ, ಒಂದು ಕಡೆ ಉಜ್ಜುತ್ತೆ, ಇನ್ನೊಂದು ಕಡೆ ಹಿಡಿಯೋದೇ ಇಲ್ಲ. ಅದಕ್ಕೇ ಚಕ್ರಕ್ಕೆ ಎರಡು ದಿನ ಹಿಡಿದದ್ದು. ಮಳೆಯಲ್ಲಿ ರಿಮ್ಮು ಒದ್ದೆಯಾದರೆ ಎಂಥ ಬ್ರೇಕೂ ಜಾರುತ್ತೆ, ಆಗ ಇಳಿದು ತಳ್ಳಿಕೊಂಡು ಹೋಗೋದು ಒಳ್ಳೇದು. ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಒಂದನ್ನೇ ಗಕ್ಕನೆ ಹಿಡಿಯಬೇಡಿ.

ಅಮ್ಮ ದೇವಸ್ಥಾನದ ಮುಂದೆ ನಿಂತು ಐದು ಸಲ ಹಿಡಿಸಿ ನೋಡಿದರು. ಆಮೇಲೆ "ಸರಿ, ಹೋಗು" ಅಂದರು. ಟೈರು, ಟ್ಯೂಬು, ಚೈನು, ರಬ್ಬರು, ಕೆಲವು ಕಡ್ಡಿ, ಗುಂಡು ಎಲ್ಲ ಸೇರಿ ಸಾವಿರದ ಇನ್ನೂರು ರೂಪಾಯಿ ಚಿಲ್ಲರೆ ಆಯಿತು. ರಜೆ ಮುಗಿದ ಮೇಲೆ ಅಕ್ಕನಿಗೆ ಗಣಿತದ ಪೀರಿಯಡ್ ಒಂದೂ ತಪ್ಪಿಲ್ಲ.

ಹೊಸದಾಗಿ ಫಿಟ್ ಮಾಡಿದ ಸೈಕಲ್ಲನ್ನು ಒಂದು ವಾರ ಓಡಿಸಿದ ಮೇಲೆ ಇನ್ನೊಂದು ಸಲ ನೋಡಲೇಬೇಕು. ಕಡ್ಡಿಗಳು ಕೂತುಕೊಂಡು ಸ್ವಲ್ಪ ಸಡಿಲ ಆಗಿರುತ್ತವೆ, ಕಾಟರ್ ಪಿನ್ನಿನ ನಟ್ಟೂ ಅಷ್ಟೆ. ನಮ್ಮ ಮನೆಯಲ್ಲಿ ನಿಪ್ಪಲ್ ತಿರುಗಿಸುವ ಕೀ ಇದೆ. ಶನಿವಾರ ಶಾಲೆ ಬಿಟ್ಟ ಮೇಲೆ ಹುಣಸೆ ಮರದ ಕೆಳಗೆ ತರುತ್ತೇನೆ, ತಾತನೂ ಬರುತ್ತಾರೆ. ಯಾರ ಚಕ್ರ ಬೆಂಡ್ ಇದೆಯೋ ಅವರು ಸೈಕಲ್ ತನ್ನಿ. ಚಾಕ್‌ಪೀಸ್ ಮಾತ್ರ ನೀವೇ ಮೇಷ್ಟ್ರನ್ನು ಕೇಳಿಕೊಂಡು ಬನ್ನಿ.