ಏಳು ಚುಕ್ಕಿ, ನಾಲ್ಕರ ತನಕ

ಸಗಣಿ ಸಾರಿಸಿದ ಅಂಗಳದಲ್ಲಿ ರಂಗೋಲಿ ಇಡುವವರು ಒಬ್ಬರಿಗೊಬ್ಬರು ಹೇಳಿಕೊಡುವ ಮಾತು ಎಷ್ಟು ಚಿಕ್ಕದು ನೋಡಿ: ‘ಏಳು ಚುಕ್ಕಿ, ನಾಲ್ಕರ ತನಕ, ಸಂದು ಚುಕ್ಕಿ.’ ಚಿತ್ರ ತೋರಿಸಬೇಕಾಗಿಲ್ಲ. ನಡುವೆ ಏಳರ ಸಾಲು. ಅದರ ಮೇಲೆ, ಸಂದಿಗೆ ಸರಿಯಾಗಿ ಆರು. ಆಮೇಲೆ ಐದು, ನಾಲ್ಕು. ಕೆಳಗೂ ಹಾಗೆಯೇ. ಒಟ್ಟು 37 ಚುಕ್ಕಿ. ಕೊಪ್ಪದ ಹಿರೇಕೊಡಿಗೆಯಲ್ಲಿ ಇಟ್ಟರೂ ಅಷ್ಟೇ, ಕಾಸರಗೋಡಿನಲ್ಲಿ ಇಟ್ಟರೂ ಅಷ್ಟೇ.

ಪ್ರೋಗ್ರಾಮಿಂಗ್ ಪಾಠ ಇಲ್ಲಿಂದಲೇ ಶುರುವಾಗಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಸಾಲಿನಿಂದ ಸಾಲಿಗೆ ಬದಲಾಗುವ ಆ ಸಂಖ್ಯೆಯೇ ವೇರಿಯಬಲ್. ‘ಒಂದು ಕಡಿಮೆ ಮಾಡು, ಮತ್ತೆ ಸಾಲು ಇಡು’ ಎನ್ನುವುದು ಲೂಪ್. ‘ನಾಲ್ಕರ ತನಕ’ ಎಂಬುದು ನಿಲ್ಲಿಸುವ ಷರತ್ತು. ಹೊಸಬರು ಎಡವುವುದು ಹೆಚ್ಚಾಗಿ ಈ ಷರತ್ತಿನಲ್ಲೇ. ನಾಲ್ಕರ ಸಾಲನ್ನೂ ಇಡಬೇಕೋ, ಐದಕ್ಕೇ ನಿಲ್ಲಬೇಕೋ? ಐದಕ್ಕೆ ನಿಂತರೆ ಚುಕ್ಕಿಗಳು 29 ಆಗುತ್ತವೆ, ಎಳೆ ಕೂಡುವುದಿಲ್ಲ. ನುರಿತ ಪ್ರೋಗ್ರಾಮರ್‌ಗಳನ್ನೂ ಕಾಡುವ ತಪ್ಪು ಇದು.

ಹಿರೇಕೊಡಿಗೆಯ ಹೆಸರೆತ್ತಲು ಕಾರಣವಿದೆ. 1904ರ ಡಿಸೆಂಬರ್ 29ರಂದು ಕುವೆಂಪು ಹುಟ್ಟಿದ್ದು ಅಲ್ಲಿ, ತಾಯಿಯ ತವರಿನಲ್ಲಿ. ವಿಜ್ಞಾನವನ್ನೂ ಕನ್ನಡದಲ್ಲೇ ಕಲಿಸಬೇಕೆಂದು ಬದುಕಿನುದ್ದಕ್ಕೂ ವಾದಿಸಿದವರು ಅವರು. ಪ್ರೋಗ್ರಾಮಿಂಗ್‌ಗೆ ಆ ವಾದ ಇನ್ನಷ್ಟು ಹೊಂದುತ್ತದೆ. ಇಲ್ಲಿ ಮಗು ಕಲಿಯಬೇಕಾದದ್ದು ಕೆಲಸವನ್ನು ಬಿಡಿಸಿ ಹೇಳುವುದನ್ನು. ಹಾಗೆ ಬಿಡಿಸಿ ಹೇಳಲು ಅದಕ್ಕೆ ಬರುವುದು ಮನೆಮಾತಿನಲ್ಲಿ.

ಮಕ್ಕಳಿಗೆಂದೇ ಲೋಗೋ ಭಾಷೆ ಹುಟ್ಟಿದ್ದು 1967ರಲ್ಲಿ, ಅಮೆರಿಕದಲ್ಲಿ. ಸೆಮೋರ್ ಪೇಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫೊಯರ್ಜಿಗ್ ಅದನ್ನು ರೂಪಿಸಿದವರಲ್ಲಿ ಮುಖ್ಯರು. ಮುಂದೆ ಅದಕ್ಕೊಂದು ಆಮೆ ಸೇರಿತು. ‘ಇಷ್ಟು ಹೆಜ್ಜೆ ಮುಂದೆ, ಇಷ್ಟು ಡಿಗ್ರಿ ಬಲಕ್ಕೆ’ ಎಂದರೆ ನಡೆಯುತ್ತಾ ಗೆರೆ ಎಳೆಯುತ್ತದೆ. ಅದನ್ನು ಕನ್ನಡಕ್ಕೆ ತಂದವರು ಯು. ಬಿ. ಪವನಜ. ಆಜ್ಞೆಗಳೂ ಕನ್ನಡದಲ್ಲೇ. ಈ ಕೆಲಸಕ್ಕೆ ನಮ್ಮ ಶಾಲೆಗಳಲ್ಲಿ ಇನ್ನೂ ದೊಡ್ಡ ಜಾಗ ಸಿಗಬೇಕಿತ್ತು.

ಆಮೆಗೆ ತ್ರಿಕೋನ ಬರೆಯಲು ಹೇಳಿ ಎಂದರೆ ಮಕ್ಕಳು ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ: ನೂರು ಹೆಜ್ಜೆ ಮುಂದೆ, 60 ಡಿಗ್ರಿ ಬಲಕ್ಕೆ, ಮೂರು ಸಲ. ಸಮಬಾಹು ತ್ರಿಕೋನದ ಕೋನ 60 ಎಂದು ಪುಸ್ತಕದಲ್ಲಿ ಓದಿದ್ದಾರಲ್ಲ! ಆದರೆ ಗೆರೆ ಕೂಡುವುದೇ ಇಲ್ಲ, ಅಗಲ ಬಾಯಿಯ ಬುಟ್ಟಿಯ ಹಾಗೆ ತೆರೆದುಕೊಳ್ಳುತ್ತದೆ. ಆಗ ಉತ್ತರ ಹೇಳಿಕೊಡಬೇಡಿ. ಅಂಗಳದಲ್ಲಿ ತ್ರಿಕೋನ ಗೀಚಿ, ಅದರ ಮೇಲೆ ನಡೆಸಿ. ಮೂಲೆಗೆ ಬಂದಾಗ ಮೈ ಎಷ್ಟು ತಿರುಗಿತು? 60 ಅಲ್ಲ, 120. ಒಳಗಿನ ಕೋನ ಬೇರೆ, ನಡೆಯುವವರು ತಿರುಗುವ ಕೋನ ಬೇರೆ. ಮೂರು ಮೂಲೆ ಸುತ್ತಿ ಬಂದರೆ 360, ಒಂದು ಪೂರ್ತಿ ಸುತ್ತು.

ಇನ್ನು ಆ ತಪ್ಪು ಪ್ರೋಗ್ರಾಮ್. ಅಳಿಸಬೇಡಿ, ‘ಮೂರು ಸಲ’ ಇದ್ದಲ್ಲಿ ‘ಆರು ಸಲ’ ಮಾಡಿ. ಈಗ ಗೆರೆ ಕೂಡುತ್ತದೆ, ಷಟ್ಕೋನವಾಗುತ್ತದೆ. ಸಾಲುಗಳ ನಡುವಿನ ಅಂತರ ಹದವಾಗಿದ್ದರೆ ಬೆಳಗಿನ ರಂಗೋಲಿಯ ಹೊರಸುತ್ತಿನ 18 ಚುಕ್ಕಿಗಳು ನಿಂತಿರುವುದೂ ಅದೇ ಆಕಾರದಲ್ಲಿ, ಬದಿಗೆ ನಾಲ್ಕರಂತೆ.