ಬೆಕ್ಕುಗಳ ಕುಸ್ತಿ: ಆಟ ಯಾವುದು, ಜಗಳ ಯಾವುದು? ಸಣ್ಣ ಗಾಯವೆಂದು ಬಿಟ್ಟರೆ ಒಳಗೆ ಕೀವು, ಮಕ್ಕಳಿಗೆ ಪರಚಿದರೆ ಅದೇ ದಿನ ದವಾಖಾನೆ

ಸತ್ತಿ (ತಾ. ಅಥಣಿ): ನಡುರಾತ್ರಿ ಪತ್ರಾಸಿನ ಮ್ಯಾಲೆ ದಬದಬ ಸದ್ದು. ಹಿಂದೆಯೇ ಕೂಸು ಅತ್ತಂತೆ ಉದ್ದನೆಯ ಕೂಗು. ಬೆಳಿಗ್ಗೆ ನೋಡಿದರೆ ಹಿತ್ತಲಲ್ಲಿ ಕೂದಲು ಉದುರಿ ಬಿದ್ದಿರುತ್ತದೆ, ಒಂದು ಬೆಕ್ಕು ಕುಂಟುತ್ತ ಹೋಗಿ ಕಣಕಿ ಬಣವಿಯ ಸಂದಿಯಲ್ಲಿ ಕೂತಿರುತ್ತದೆ. ಕೃಷ್ಣಾ ನದಿ ದಂಡೆಯ ಊರುಗಳಲ್ಲಿ ಇದು ದಿನದ ಮಾತು. "ಬೆಕ್ಕಿನ ಜಗಳಾ ಅಂದ್ರ ಅಷ್ಟ, ತಾನ ನೆಕ್ಕೊಂಡು ತಾನ ಆರಾಮ ಆಕ್ಕೈತಿ ಬಿಡ್ರಿ" ಎಂದು ಜನ ಸುಮ್ಮನಾಗುತ್ತಾರೆ.

ಈ ಮಾತು ಅರ್ಧ ಖರೆ. ಬೆಕ್ಕಿನ ಮರಿಗಳು ಹೊರಳಾಡಿ ಗುದ್ದಾಡುವುದರಲ್ಲಿ ಹೆಚ್ಚಿನ ಪಾಲು ಬರೀ ಆಟ. ಅದಕ್ಕೆ ಯಾರೂ ನಡುವೆ ಹೋಗಬೇಕಾಗಿಲ್ಲ. ಆದರೆ ದೊಡ್ಡ ಬೆಕ್ಕು ನಿಜವಾಗಿ ಕಚ್ಚಿದ ಗಾಯ ಹೊರಗಿನಿಂದ ಎಷ್ಟು ಸಣ್ಣದೋ ಒಳಗೆ ಅಷ್ಟೇ ಆಳ. ಇನ್ನು ಅದೇ ಬೆಕ್ಕು ಮನೆಯ ಮಗುವಿಗೆ ಪರಚಿದರೆ ಗಾಯದ ಗಾತ್ರ ನೋಡಿ ತೀರ್ಮಾನ ಮಾಡುವಂತೆಯೇ ಇಲ್ಲ.

ಯಾರವೂ ಅಲ್ಲದ ಬೆಕ್ಕುಗಳು

ಹಳ್ಳಿಯ ಬೆಕ್ಕುಗಳಲ್ಲಿ ಸಾಕಿದವು ಯಾವು, ಬೀದಿಯವು ಯಾವು ಎಂದು ಹೇಳುವುದು ಕಷ್ಟ. ಹಾಲು ಕರೆಯುವ ಹೊತ್ತಿಗೆ ದನದ ಕೊಟ್ಟಿಗೆಗೆ ಬರುತ್ತವೆ, ಕಾಳಿನ ಚೀಲ ಇಟ್ಟಲ್ಲಿ ಇಲಿ ಹಿಡಿಯುತ್ತವೆ, ಹಗಲೆಲ್ಲ ಕಬ್ಬಿನ ಹೊಲದ ನೆರಳಲ್ಲಿ ಮಲಗುತ್ತವೆ. ಕಬ್ಬು ಕಟಾವಾದ ಮೇಲೆ ಹೊಲದ ಇಲಿಗಳು ಬೇರೆ ಆಸರೆ ಹುಡುಕಿಕೊಂಡು ಹೊರಡುತ್ತವೆ. ಬೆಕ್ಕುಗಳೂ ಅವುಗಳ ಬೆನ್ನು ಹತ್ತುತ್ತವೆ. ಒಂದೇ ಹಿತ್ತಲಿಗೆ ಎರಡು ಮೂರು ಗಂಡು ಬೆಕ್ಕು ಬಂದು ಸೇರಿದರೆ ಜಗಳ ತಪ್ಪಿದ್ದಲ್ಲ. ಹೆಣ್ಣು ಬೆಕ್ಕು ಬೆದೆಗೆ ಬಂದಾಗಲಂತೂ ರಾತ್ರಿಯಿಡೀ ನಿದ್ದೆ ಇಲ್ಲ.

ತಾಲೀಮು ಬೇರೆ, ಹೊಡೆದಾಟ ಬೇರೆ

ಈ ಭಾಗದ ಜನಕ್ಕೆ ಕುಸ್ತಿ ತಾಲೀಮು ಹೊಸದಲ್ಲ. ತಾಲೀಮಿನಲ್ಲಿ ಹುಡುಗರು ಒಬ್ಬರನ್ನೊಬ್ಬರು ಕೆಡವುತ್ತಾರೆ, ಎಬ್ಬಿಸುತ್ತಾರೆ, ಮತ್ತೆ ಹಿಡಿಯುತ್ತಾರೆ. ಯಾರೂ ಯಾರ ಕೈ ಮುರಿಯುವುದಿಲ್ಲ. ಬೆಕ್ಕಿನ ಮರಿಗಳ ಆಟವೂ ಹಾಗೇ. ಹುಟ್ಟಿದ ಸುಮಾರು 4 ವಾರಕ್ಕೆ ಈ ಆಟ ಶುರುವಾಗಿ ಎರಡು ಮೂರು ತಿಂಗಳ ವಯಸ್ಸಿನಲ್ಲಿ ಜೋರಾಗುತ್ತದೆ. ಎಷ್ಟು ಒತ್ತಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಮರಿ ಕಲಿಯುವುದು ಇಲ್ಲಿಯೇ. ಒಂದು ಮರಿ ಬಿಗಿಯಾಗಿ ಕಚ್ಚಿದರೆ ಇನ್ನೊಂದು ಚೀರಿ ಆಟ ಬಿಟ್ಟು ಹೋಗುತ್ತದೆ, ಇಲ್ಲವೇ ತಾಯಿ ಪಂಜದಿಂದ ಒಂದು ಏಟು ಕೊಡುತ್ತದೆ. ತಾಯಿಯಿಂದ ಬೇಗ ಬೇರೆಯಾಗಿ ಒಂಟಿಯಾಗಿ ಬೆಳೆದ ಮರಿಗೆ ಈ ಪಾಠ ಸಿಗುವುದಿಲ್ಲ. ಅದು ಮುಂದೆ ಮನುಷ್ಯರ ಕೈಯನ್ನೂ ಬಿಗಿಯಾಗಿ ಕಚ್ಚುವ ಸಾಧ್ಯತೆ ಹೆಚ್ಚು.

ಆಟವಾದರೆ ಸದ್ದು ಕಡಿಮೆ. ಒಮ್ಮೆ ಇದು ಮೇಲೆ, ಒಮ್ಮೆ ಅದು ಮೇಲೆ. ಉಗುರು ಬಹುಮಟ್ಟಿಗೆ ಒಳಗೇ ಇರುತ್ತದೆ. ನಡುನಡುವೆ ನಿಂತು ಮತ್ತೆ ತಾವೇ ಹತ್ತಿರ ಬರುತ್ತವೆ. ಆಟ ಮುಗಿದ ಮೇಲೆ ಎರಡೂ ಪಕ್ಕಪಕ್ಕದಲ್ಲೇ ಮಲಗಿದರೂ ಆಶ್ಚರ್ಯವಿಲ್ಲ.

ಜಗಳವಾದರೆ ಕಿವಿ ತಲೆಗೆ ಅಂಟಿಕೊಂಡಿರುತ್ತವೆ, ಬಾಲ ಉಬ್ಬಿರುತ್ತದೆ, ಬೆನ್ನು ಬಿಲ್ಲಿನಂತೆ ಬಾಗಿರುತ್ತದೆ. ಗುರುಗುಟ್ಟುವುದು, ಬುಸುಗುಡುವುದು, ಉದ್ದಕ್ಕೆ ಕೂಗುವುದು ನಡೆಯುತ್ತದೆ. ಒಂದು ಓಡಿಹೋಗಲು ನೋಡಿದರೂ ಇನ್ನೊಂದು ಬಿಡದೆ ಅಟ್ಟಿಸಿಕೊಂಡು ಹೋಗುತ್ತದೆ. ಆಗ ಕೈ ಹಾಕಿ ಬಿಡಿಸಲು ಹೋಗಬಾರದು. ದೂರದಿಂದ ನೀರು ಎರಚಿದರೆ, ತಾಟು ಬಡಿದು ಸದ್ದು ಮಾಡಿದರೆ ಸಾಕು.

ಹೊರಗೆ ಸೂಜಿಮೊನೆ, ಒಳಗೆ ಬಾವು

ಬೆಕ್ಕಿನ ಕೋರೆಹಲ್ಲು ಸಪೂರ, ಚೂಪು. ಅದು ಚರ್ಮ ಹರಿಯುವುದಿಲ್ಲ, ದಬ್ಬಣದಂತೆ ಚುಚ್ಚಿ ಒಳಗೆ ಹೋಗುತ್ತದೆ. ಬಾಯಲ್ಲಿರುವ ಪಾಶ್ಚುರೆಲ್ಲಾದಂಥ ಬ್ಯಾಕ್ಟೀರಿಯಾ ಹಲ್ಲಿನ ಜೊತೆಗೇ ಆಳಕ್ಕೆ ಇಳಿಯುತ್ತದೆ. ಹೊರಗಿನ ತೂತು ಬೇಗ ಮುಚ್ಚಿಕೊಳ್ಳುತ್ತದೆ. ಮೇಲಿನಿಂದ ನೋಡಿದವರಿಗೆ ಗಾಯ ಮಾಯ್ದಂತೆ ಕಾಣುತ್ತದೆ, ಒಳಗೆ ಕೀವು ಕಟ್ಟತೊಡಗುತ್ತದೆ. ಸಾಮಾನ್ಯವಾಗಿ ಎರಡರಿಂದ ಐದು ದಿನದೊಳಗೆ ಬಾವು ಎದ್ದು ಕಾಣುತ್ತದೆ.

ಮುಖ, ಕುತ್ತಿಗೆ, ಮುಂಗಾಲಿನಲ್ಲಿ ಗಾಯವಿದ್ದರೆ ಅದು ಎದುರು ನಿಂತು ಕಾದಾಡಿದೆ ಎಂದರ್ಥ. ಬಾಲದ ಬುಡದಲ್ಲಿದ್ದರೆ ಓಡುವಾಗ ಹಿಂದಿನಿಂದ ಕಚ್ಚಿಸಿಕೊಂಡಿದೆ. ಬೆಕ್ಕು ಮಂಕಾಗಿ ಕೂರುವುದು, ತಿನ್ನದಿರುವುದು, ಕುಂಟುವುದು, ಮೈ ಬಿಸಿಯಾಗುವುದು, ಒಂದು ಕಡೆ ಮೆತ್ತನೆ ಉಬ್ಬು ಬರುವುದು ಬಾವಿನ ಗುರುತು. ಬಾವು ಒಡೆದರೆ ದುರ್ವಾಸನೆಯ ಕೀವು ಸುರಿಯುತ್ತದೆ. ಮಳೆಗಾಲದಲ್ಲಿ ಅದರ ಮೇಲೆ ನೊಣ ಕೂತು ಹುಳ ಬೀಳುವುದೂ ಉಂಟು.

ಮೂಗಿನ ಮೇಲಿನ ಗೀರು, ಕಿವಿಯಂಚಿನ ಸಣ್ಣ ಹರಿತ, ಅಲ್ಲಲ್ಲಿ ಕೂದಲು ಹೋದ ಜಾಗ ಇವಕ್ಕೆ ಚಿಕಿತ್ಸೆ ಬೇಕಾಗುವುದು ಕಡಿಮೆ. ಬೆಕ್ಕು ತಿನ್ನುತ್ತಿದ್ದರೆ, ಓಡಾಡುತ್ತಿದ್ದರೆ ನಾಲ್ಕೈದು ದಿನ ದೂರದಿಂದಲೇ ಕಣ್ಣಿಟ್ಟರೆ ಆಯಿತು. ಕಣ್ಣಿಗೆ ಪೆಟ್ಟು ಬಿದ್ದಿದ್ದರೆ, ರಕ್ತ ನಿಲ್ಲದಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ, ಒಂದಿಡೀ ದಿನ ಏನೂ ತಿನ್ನದಿದ್ದರೆ ಕಾಯಬಾರದು.

ದನಕ್ಕೆ ನಡೆದದ್ದು ಬೆಕ್ಕಿಗೆ ವಿಷ

ಗಾಯಕ್ಕಿಂತ ಮದ್ದಿನಿಂದಲೇ ಬೆಕ್ಕು ಸಾಯುವುದುಂಟು. ಜ್ವರ ಇಳಿಯಲಿ ಎಂದು ಮನುಷ್ಯರ ಪ್ಯಾರಾಸಿಟಮಾಲ್ ಗುಳಿಗಿ ಕೊಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಆ ಔಷಧವನ್ನು ಕರಗಿಸಿ ಹೊರಹಾಕುವ ಕಿಣ್ವ ಬೆಕ್ಕಿನ ಪಿತ್ತಜನಕಾಂಗದಲ್ಲಿ ತೀರಾ ಕಡಿಮೆ. ಅದು ಮೈಯಲ್ಲೇ ಉಳಿದು ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಇಲ್ಲದಂತೆ ಮಾಡುತ್ತದೆ. ಒಸಡು ಕಂದು ಇಲ್ಲವೇ ನೀಲಿಗೆ ತಿರುಗುತ್ತದೆ, ಮುಖ ಬಾಯುತ್ತದೆ. 500 ಮಿಲಿಗ್ರಾಂನ ಒಂದೇ ಗುಳಿಗಿ ಒಂದು ಬೆಕ್ಕಿನ ಜೀವ ತೆಗೆಯಬಲ್ಲದು.

ಫಿನಾಯಿಲ್, ಡೆಟಾಲ್‌ನಂಥ ದ್ರವಗಳಿಂದ ಗಾಯ ತೊಳೆಯುವುದೂ ಅಪಾಯ. ಬೆಕ್ಕು ಮೈ ನೆಕ್ಕುವ ಪ್ರಾಣಿ. ಮೇಲೆ ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಸೀಮೆಎಣ್ಣೆ, ಹುಳ ಸಾಯಿಸಲು ದನದ ಗಾಯಕ್ಕೆ ಬಿಡುವ ಟರ್ಪೆಂಟೈನ್ ಎಣ್ಣೆ, ದನ ಮತ್ತು ನಾಯಿಯ ಉಣ್ಣೆಗೆ ಹಚ್ಚುವ ಪರ್ಮೆಥ್ರಿನ್ ಜಾತಿಯ ಔಷಧ ಇವೆಲ್ಲವೂ ಬೆಕ್ಕಿಗೆ ವಿಷವೇ. ಅರಿಷಿಣ ಮೆತ್ತುವುದರಿಂದ ಇಂಥ ಕೇಡಿಲ್ಲವಾದರೂ ಮೇಲೆ ಮೆತ್ತಿದ್ದು ಆಳದ ಕೀವಿಗೆ ತಲುಪುವುದಿಲ್ಲ.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು: ಕಾಯಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಚಹಾ ಚಮಚ ಉಪ್ಪು ಹಾಕಿ, ಉಗುರುಬೆಚ್ಚಗಿರುವಾಗ ಸ್ವಚ್ಛ ಅರಿವೆ ಅದ್ದಿ ಒರೆಸುವುದು. ಅದೂ ಕೈಗೆ ಒಗ್ಗಿದ ಬೆಕ್ಕಾದರೆ ಮಾತ್ರ. ಬಾವನ್ನು ಹಿಂಡಬಾರದು, ಬ್ಲೇಡಿನಿಂದ ಕೊಯ್ಯಬಾರದು.

ಕೈಗೆ ಸಿಗದ ಬೆಕ್ಕನ್ನು ಹಿಡಿಯಲು ಹೋದರೆ ಮೊದಲ ಗಾಯ ಹಿಡಿಯುವವರಿಗೇ. ರಟ್ಟಿನ ಡಬ್ಬಿ ಇಲ್ಲವೇ ಮುಚ್ಚಳವಿರುವ ಬುಟ್ಟಿಯಲ್ಲಿ ಮೀನು, ಮೊಟ್ಟೆ ಏನಾದರೂ ಇಟ್ಟು ಅದು ತಾನಾಗಿ ಒಳಗೆ ಹೋಗುವಂತೆ ಮಾಡಿ ಮೇಲೆ ದಪ್ಪ ಟಾವೆಲ್ ಮುಚ್ಚಬೇಕು. ದನದ ದವಾಖಾನೆಯಲ್ಲಿ ಬಾವು ಕೊಯ್ದು ತೊಳೆದು, ಬೆಕ್ಕಿನ ತೂಕಕ್ಕೆ ತಕ್ಕ ಆಂಟಿಬಯೋಟಿಕ್ ಕೊಡುತ್ತಾರೆ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಹತ್ತಿರದ ವೈದ್ಯರ ಬಗ್ಗೆ ಕೇಳಬಹುದು. ತಾಲೂಕಿನ ಕೊಕಟನೂರಿನಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವೂ ಇದೆ. ಬೆಕ್ಕಿಗೆ ಚಿಕಿತ್ಸೆ ಸಿಗುವ ಹೊತ್ತು ಕೇಳಿಕೊಂಡು ಹೊರಡುವುದು ಒಳ್ಳೆಯದು.

ಮಗುವಿಗೆ ಪರಚಿದಾಗ

"ಮರಿ ಅದು, ಆಟಾ ಆಡೂ ಮುಂದ ಪರಚೈತಿ, ಏನಾಗಂಗಿಲ್ಲ" ಎಂಬ ಮಾತು ಮನೆಮನೆಯಲ್ಲಿ ಕೇಳುತ್ತದೆ. ಬೈಗುಳಕ್ಕೆ ಹೆದರಿ ಮಕ್ಕಳು ಮನೆಯಲ್ಲಿ ಹೇಳದೇ ಇರುವುದೂ ಉಂಟು. ಅಪಾಯ ಇರುವುದು ಇಲ್ಲಿ. ರೇಬೀಸ್ ನಾಯಿಯಿಂದ ಮಾತ್ರ ಬರುವ ರೋಗವಲ್ಲ. ಹುಚ್ಚು ನಾಯಿ ಕಚ್ಚಿದ ಬೆಕ್ಕಿಗೂ ಬರುತ್ತದೆ, ಬೆಕ್ಕಿನಿಂದ ಮನುಷ್ಯರಿಗೂ ಬರುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿ ಉಳಿದವರು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಕರ್ನಾಟಕದಲ್ಲಿ 2022ರಿಂದ ಮನುಷ್ಯರ ರೇಬೀಸ್ ಪ್ರಕರಣಗಳನ್ನು ಕಡ್ಡಾಯವಾಗಿ ಆರೋಗ್ಯ ಇಲಾಖೆಗೆ ವರದಿ ಮಾಡಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ರಕ್ತ ಬಾರದ ಸಣ್ಣ ಗೀರು ಕೂಡ ಎರಡನೇ ವರ್ಗಕ್ಕೆ ಸೇರುತ್ತದೆ, ಅದಕ್ಕೂ ಲಸಿಕೆ ಬೇಕು. ರಕ್ತ ಬಂದಿದ್ದರೆ, ಹಲ್ಲು ಚರ್ಮದೊಳಗೆ ಇಳಿದಿದ್ದರೆ, ತೆರೆದ ಗಾಯವನ್ನು ಬೆಕ್ಕು ನೆಕ್ಕಿದ್ದರೆ ಅದು ಮೂರನೇ ವರ್ಗ. ಆಗ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಸೂಜಿಯನ್ನೂ ಹಾಕಬೇಕಾಗುತ್ತದೆ.

ಮೊದಲ ಕೆಲಸ ಮನೆಯಲ್ಲೇ. ಹರಿಯುವ ನೀರಿನಡಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ಸುಣ್ಣ, ಖಾರದ ಪುಡಿ ಹಚ್ಚುವಂತಿಲ್ಲ, ಬಿಗಿದು ಕಟ್ಟುವಂತಿಲ್ಲ. ಅದೇ ದಿನ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಇಲ್ಲವೇ ಅಥಣಿಯ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ರೇಬೀಸ್ ಲಸಿಕೆ ಉಚಿತ. ಚರ್ಮದ ಪದರದೊಳಗೆ ಕೊಡುವ ಪದ್ಧತಿಯಲ್ಲಿ ಮೊದಲ ದಿನ, ನಂತರ 3, 7 ಮತ್ತು 28ನೇ ದಿನ ಸೂಜಿ ಇರುತ್ತದೆ. ಗಾಯ ಮಾಯ್ತು ಎಂದು ನಡುವೆ ಬಿಡಬಾರದು. ಟೆಟನಸ್ ಸೂಜಿ ಬೇಕೋ ಬೇಡವೋ ಎಂಬುದನ್ನೂ ವೈದ್ಯರೇ ಹೇಳುತ್ತಾರೆ.

ಸಾಕಿದ ಬೆಕ್ಕಾದರೆ ಅದರ ಮೇಲೆ 10 ದಿನ ನಿಗಾ ಇಡಬಹುದು. ಆದರೆ ಆ 10 ದಿನ ಮುಗಿಯಲಿ ಎಂದು ಲಸಿಕೆ ತಡಮಾಡುವಂತಿಲ್ಲ. ಬೀದಿಯ ಬೆಕ್ಕು ಮರುದಿನ ಎಲ್ಲಿರುತ್ತದೋ ಯಾರಿಗೆ ಗೊತ್ತು? ಜನರನ್ನು ಕಂಡರೆ ಓಡುತ್ತಿದ್ದ ಬೆಕ್ಕು ಇದ್ದಕ್ಕಿದ್ದಂತೆ ಮೈಮೇಲೆ ಬಂದರೆ, ಜೊಲ್ಲು ಸುರಿಸುತ್ತಿದ್ದರೆ, ಹಿಂಗಾಲು ತೂರಾಡುತ್ತಿದ್ದರೆ ಹತ್ತಿರ ಹೋಗದೆ ದನದ ದವಾಖಾನೆಗೆ ತಿಳಿಸಬೇಕು.

ಜಗಳ ಕಡಿಮೆ ಆಗಬೇಕಾದರೆ

ಅನ್ನ, ಹಾಲು ಹಾಕುವವರು ಒಂದೇ ತಾಟಿನಲ್ಲಿ ಹಾಕದೆ ಎರಡು ಮೂರು ಕಡೆ ದೂರದೂರ ಇಟ್ಟರೆ ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ. ಉಳಿದದ್ದನ್ನು ರಾತ್ರಿ ಬಿಡದೆ ತೆಗೆಯಬೇಕು, ಇಲ್ಲವಾದರೆ ಬೇರೆ ಓಣಿಯ ಬೆಕ್ಕು, ನಾಯಿ ಎಲ್ಲವೂ ಬರುತ್ತವೆ. ಬೆಕ್ಕಿಗೆ ಗರ್ಭ ಕೇವಲ ಒಂಬತ್ತು ವಾರ. ಐದಾರು ತಿಂಗಳ ಹೆಣ್ಣು ಮರಿಯೇ ಮತ್ತೆ ಗಬ್ಬವಾಗಬಲ್ಲದು. ಮನೆಗೆ ಒಗ್ಗಿದ ಬೆಕ್ಕುಗಳಿಗಾದರೂ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಮರಿಗಳ ಸಂಖ್ಯೆ ಇಳಿಯುತ್ತದೆ, ಗಂಡು ಬೆಕ್ಕುಗಳ ಅಲೆದಾಟ, ಕಾದಾಟವೂ ಕಡಿಮೆಯಾಗುತ್ತದೆ. ಅದೇ ಭೇಟಿಯಲ್ಲಿ ಬೆಕ್ಕಿಗೆ ರೇಬೀಸ್ ಲಸಿಕೆಯ ಬಗ್ಗೆಯೂ ಕೇಳಬೇಕು. ಮೂರು ತಿಂಗಳಾದ ಮರಿಗೆ ಅದನ್ನು ಹಾಕಿಸಬಹುದು.

ಮಕ್ಕಳಿಗೆ ಹೇಳಬೇಕಾದದ್ದು ಎರಡೇ ಮಾತು: ತಿನ್ನುವ, ಮಲಗಿದ, ಮರಿ ಹಾಕಿದ ಬೆಕ್ಕನ್ನು ಮುಟ್ಟಬಾರದು. ಪರಚಿದರೆ ಮುಚ್ಚಿಡದೆ ಕೂಡಲೇ ಮನೆಯಲ್ಲಿ ಹೇಳಬೇಕು. ಹೇಳಿದ ಮಗುವಿಗೆ ದೊಡ್ಡವರು ಬೈಯದೇ ಇದ್ದರೆ ಮುಂದಿನ ಸಲವೂ ಅದು ಹೇಳುತ್ತದೆ.