ಏಳು ದಿನ ಕಳೆದ ಮೇಲಿನ ಅಪಾಯ

ಮಳೆ ಕೈಕೊಟ್ಟ ವರ್ಷ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಸೀಮೆಯ ಕೆರೆಯಂಗಳಗಳೇ ದಾರಿಗಳಾಗುತ್ತವೆ. ಗೋಡು ತುಂಬಿದ ಟ್ರ್ಯಾಕ್ಟರ್ ಏರಿ ಹತ್ತುವ ಕಡೆಯೇ ಹುಡುಗರ ಸೈಕಲ್ ಇಳಿಯುತ್ತದೆ. ರಾಗಿ ಕಣ, ತೋಟದ ಓಣಿ, ಪಾವಗಡದ ತಿರುಮಣಿ ಸುತ್ತ 13 ಸಾವಿರ ಎಕರೆಯಲ್ಲಿ ಹರಡಿರುವ ಸೋಲಾರ್ ಪಾರ್ಕಿನ ಒಳದಾರಿಗಳಲ್ಲೂ ವಾಹನಗಳಿವೆ. ಹಿಂದಕ್ಕೆ ಬರುವ ಟ್ರೈಲರ್‌ಗೆ ಸೈಕಲ್ ಸಿಕ್ಕಿಕೊಂಡರೆ ಅದು ಅಪಘಾತವೇ. ಆದರೆ ಸರ್ಕಾರಿ ಲೆಕ್ಕದಲ್ಲಿ ‘ರಸ್ತೆ ಅಪಘಾತ’ ಆಗುವುದು ಕಷ್ಟ.

ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದಿ ದೇಶದಲ್ಲಿ 4,43,366 ಗಾಯಾಳುಗಳನ್ನು ಎಣಿಸಿತು. ಪೊಲೀಸ್ ದಾಖಲೆಯೇ ಅದರ ಆಧಾರ. ಕಣದಲ್ಲಿ ನಡೆದದ್ದು ಠಾಣೆಯವರೆಗೆ ಹೋಗುವುದು ಅಪರೂಪ. ಗುದ್ದಿದವರು ದಾಯಾದಿಯೋ ಪಕ್ಕದ ಹೊಲದವರೋ ಆಗಿರುತ್ತಾರೆ. ಊರಲ್ಲೇ ರಾಜಿಯಾಗಿ, ಆಸ್ಪತ್ರೆ ಚೀಟಿಯಲ್ಲಿ ‘ಸೈಕಲ್‌ನಿಂದ ಬಿದ್ದದ್ದು’ ಎಂದಷ್ಟೇ ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ರೋಗ ವರ್ಗೀಕರಣವಾದರೋ ರಸ್ತೆಯಾಚೆ ವಾಹನ ಗುದ್ದಿದ ಸೈಕಲ್ ಸವಾರನಿಗೆ ಬೇರೆ ಸಂಕೇತವನ್ನೇ ಇಟ್ಟಿದೆ. ಅದರ ಅಮೆರಿಕದ ಆವೃತ್ತಿ ಮೊದಲ ಚಿಕಿತ್ಸೆ, ಮರುಭೇಟಿ, ಆಮೇಲೆ ಉಳಿದುಹೋದ ತೊಂದರೆ ಮೂರನ್ನೂ ಬೇರೆ ಬೇರೆ ಬರೆಯಿಸುತ್ತದೆ. ಹಾಗೆ ಬರೆಯಲು ಕಾರಣವಿದೆ.

ವಾಹನ ಮಾಡಿದ ಪೆಟ್ಟು ಒಂದೇ ದಿನ ಪೂರ್ತಿ ಕಾಣಿಸುವುದಿಲ್ಲ. ಹ್ಯಾಂಡಲ್ ಹೊಟ್ಟೆಗೆ ಒತ್ತಿದ ಮಗುವಿನ ಚರ್ಮದ ಮೇಲೆ ದುಂಡನೆಯ ಒಂದು ಗುರುತಷ್ಟೇ ಇರಬಹುದು. ಒಳಗೆ ಮೇದೋಜೀರಕ ಗ್ರಂಥಿಯೋ ಸಣ್ಣ ಕರುಳೋ ಜಜ್ಜಿಹೋಗಿರುತ್ತದೆ. ಅಮೆರಿಕದ ಫ್ಲೋರಾ ವಿನ್‌ಸ್ಟನ್ ತಂಡ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಮಕ್ಕಳಿಗೆ ಲಕ್ಷಣ ಶುರುವಾಗಲು ಸರಾಸರಿ ಸುಮಾರು ಒಂದು ದಿನ ಹಿಡಿದಿತ್ತು. ಚಕ್ರ ಹತ್ತಿದ ತೊಡೆಯಲ್ಲಿ ಚರ್ಮ ಹರಿಯದೆಯೂ ಒಳಪದರದಿಂದ ಬಿಟ್ಟುಕೊಂಡು, ದಿನಗಳ ನಂತರ ನೀರು ತುಂಬಿ ಊದಿಕೊಳ್ಳುತ್ತದೆ. ಮುರಿದ ಕಾಲಿಗೆ ಬಿಗಿಯಾಗಿ ನಾಟಿ ಕಟ್ಟು ಹಾಕಿಸಿ, ನೋವು ಏರುತ್ತಿದ್ದರೂ ‘ಮೂಳೆ ಕೂಡುತ್ತಿದೆ’ ಎಂದು ಕಾದರೆ ಮೊದಲೆರಡು ದಿನಗಳಲ್ಲೇ ರಕ್ತಸಂಚಾರ ನಿಂತು ಸ್ನಾಯು ಸತ್ತೀತು.

ಹೊಲದ ಮಣ್ಣು ಹೊಕ್ಕ ಗಾಯದ ಕಥೆಯೇ ಬೇರೆ. ಚರ್ಮ ಸೀಳಿದ ಮೂಳೆಮುರಿತಕ್ಕೆ ವೈದ್ಯರು ಬಳಸುವ ಗಸ್ಟಿಲೊ ವಿಂಗಡಣೆಯಲ್ಲಿ ಹೊಲದ ಕೊಳೆ ಸೇರಿದ್ದರೆ, ಗಾಯ ಚಿಕ್ಕದಾದರೂ ಅದಕ್ಕೆ ಮೂರನೇ ದರ್ಜೆ, ಅಂದರೆ ಅತಿ ಗಂಭೀರ. ಧನುರ್ವಾಯು ಸಾಮಾನ್ಯವಾಗಿ 3ರಿಂದ 21 ದಿನಗಳೊಳಗೆ ಕಾಣಿಸುತ್ತದೆ. ಮೂಳೆಯೊಳಗಿನ ಕೀವು ತಿಂಗಳುಗಳ ನಂತರವೂ ಹೊರಬರಬಹುದು. ತಲೆಗೆ ಪೆಟ್ಟಾದ ವೃದ್ಧರಲ್ಲಿ ಮೆದುಳಿನ ಹೊದಿಕೆಯಡಿ ರಕ್ತ ನಿಧಾನವಾಗಿ ಸೇರಿ, ಮೂರು ವಾರ ಕಳೆದ ಮೇಲೆ ಮರೆವು, ತಲೆನೋವು, ಕಾಲೆಳೆತ ಶುರುವಾಗುತ್ತವೆ. ರಕ್ತ ತೆಳುಮಾಡುವ ಮಾತ್ರೆ ನುಂಗುವವರಿಗೆ ಅಪಾಯ ಇನ್ನೂ ಹೆಚ್ಚು. ‘ವಯಸ್ಸಾಯಿತು, ಅರಳುಮರಳು’ ಎಂದು ಮನೆಯವರು ಸುಮ್ಮನಾಗುತ್ತಾರೆ. ಸ್ಕ್ಯಾನ್ ಮಾಡಿಸಿದ್ದರೆ ತಲೆಬುರುಡೆಗೆ ಸಣ್ಣ ರಂಧ್ರ ಕೊರೆದು ರಕ್ತ ತೆಗೆಯಬಹುದಾಗಿತ್ತು. ಮಕ್ಕಳ ಮೂಳೆ ಉದ್ದವಾಗುವ ಜಾಗಕ್ಕೆ ಏಟಾಗಿದ್ದರೆ ಕಾಲು ಸೊಟ್ಟವಾಗುವುದೋ ಗಿಡ್ಡವಾಗುವುದೋ ತಿಳಿಯಲು ಆರು ತಿಂಗಳು, ಒಂದು ವರ್ಷವೇ ಬೇಕು.

ಸರ್ಕಾರದ ನೆರವು ಈ ಅವಧಿಯಷ್ಟು ದೂರ ಬರುವುದಿಲ್ಲ. ರಾಜ್ಯದಲ್ಲಿ 2016ರಲ್ಲಿ ಬಂದ ಮುಖ್ಯಮಂತ್ರಿ ಸಾಂತ್ವನ–ಹರೀಶ್ ಯೋಜನೆ ಮೊದಲ 48 ಗಂಟೆಗೆ 25,000 ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ಕೊಟ್ಟಿತು. ಕೇಂದ್ರದ 2025ರ ನಗದುರಹಿತ ಚಿಕಿತ್ಸಾ ಯೋಜನೆಯ ಮಿತಿ 1.5 ಲಕ್ಷ ರೂಪಾಯಿ, 7 ದಿನ. ಅದೂ ರಸ್ತೆಯಲ್ಲಿ ಆದ ಅಪಘಾತಕ್ಕೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪರಿಹಾರದ ಅರ್ಜಿಗೆ 6 ತಿಂಗಳ ಗಡುವು ಹಾಕಿದೆ. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ಮಗುವಿನ ಕಾಲು ಸೊಟ್ಟವಾಗಿದೆಯೆಂದು ಗೊತ್ತಾಗುವ ಹೊತ್ತಿಗೆ ಆ ಗಡುವೂ ಮುಗಿದಿರಬಹುದು.

ದುಡಿಯುವ ವಯಸ್ಸಿನವರು ಬೈಕಿಗೆ ಹೊರಳಿದ ಮೇಲೆ ಹಳ್ಳಿಗಳಲ್ಲಿ ಸೈಕಲ್ ಉಳಿದಿರುವುದು ಹೆಚ್ಚಾಗಿ ಮಕ್ಕಳ ಮತ್ತು ಮುದುಕರ ಕೈಯಲ್ಲಿ. ತಡವಾಗಿ ಕಾಣುವ ಹಾನಿ ಹೆಚ್ಚು ಕಾಡುವುದೂ ಈ ಎರಡು ವಯಸ್ಸಿನವರನ್ನೇ. ಹೊಲಕ್ಕಿಳಿಯುವ ಟ್ರ್ಯಾಕ್ಟರ್, ಅಂಗಳಕ್ಕೆ ಬರುವ ಕಾರು ಹೆಚ್ಚಿದಂತೆ, ಯಾವ ಪಟ್ಟಿಯಲ್ಲೂ ಇಲ್ಲದ ಅಂಗವೈಕಲ್ಯವೂ ಹೆಚ್ಚುತ್ತದೆ.

ತಡೆಯಲು ದೊಡ್ಡ ಖರ್ಚು ಬೇಕಿಲ್ಲ. ಬಿಡುಗಡೆ ಚೀಟಿಯಲ್ಲೇ ಮರುಭೇಟಿಯ ದಿನಾಂಕಗಳನ್ನು ಬರೆದುಕೊಡಬೇಕು: ಮರುದಿನ ಹೊಟ್ಟೆ ಮತ್ತು ಕಟ್ಟು, ವಾರಕ್ಕೆ ಗಾಯ, ಮೂರರಿಂದ ಆರು ವಾರದೊಳಗೆ ತಲೆ, ಮಕ್ಕಳಾದರೆ ಆರು ತಿಂಗಳಿಗೂ ವರ್ಷಕ್ಕೂ ಮೂಳೆ. ಆ ಚೀಟಿಯ ನಕಲು ಊರಿನ ಆಶಾ ಕಾರ್ಯಕರ್ತೆಗೆ ಸಿಕ್ಕರೆ ತಪ್ಪಿದವರನ್ನು ಅವರು ಮನೆಗೇ ಹೋಗಿ ಕೇಳಬಲ್ಲರು. ಯೋಜನೆಗಳು ಕಣ, ತೋಟಗಳನ್ನೂ ಒಳಗೊಳ್ಳಬೇಕು, ಏಳನೇ ದಿನಕ್ಕೆ ಕೈಬಿಡಬಾರದು. ಮನೆಯವರು ಮಾಡಬೇಕಾದದ್ದು ಇನ್ನೂ ಸಣ್ಣದು. ರಾಜಿ ಆಗಿದ್ದರೂ ವೈದ್ಯರ ಮುಂದೆ ‘ಬಿದ್ದ’ ಎನ್ನದೆ ‘ಟ್ರ್ಯಾಕ್ಟರ್ ಗುದ್ದಿತು, ಚಕ್ರ ಇಲ್ಲಿ ಹತ್ತಿತು’ ಎಂದು ತೋರಿಸಿ ಹೇಳಬೇಕು, ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ಎಂದು ಬರೆಸಬೇಕು. ಎಲ್ಲಿ ಹುಡುಕಬೇಕೆಂದು ವೈದ್ಯರಿಗೆ ತಿಳಿಯುವುದು ಆ ಮಾತಿನಿಂದಲೇ.